ಎಂಪಿ3 ಕೇಳುವುದಕ್ಕೆ ಸರಿ, ಸಿಡಿಗಳ ಬ್ಯಾಕಪ್‌ಗೆ ಸಾಲದು

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹಳೆಯ ಹಾಡಿನ ಸಿಡಿಗಳ ಬಗ್ಗೆ ಒಂದು ಬರಹ ಬಂದಿತ್ತು. ಎಲ್ಲವನ್ನೂ ಎಂಪಿ3 ಮಾಡಿ ಕಂಪ್ಯೂಟರಿಗೆ ಹಾಕಿಕೊಳ್ಳಿ, ಆಮೇಲೆ ಸಿಡಿಗಳನ್ನು ಯಾರಿಗಾದರೂ ಕೊಟ್ಟು ಕಪಾಟು ಖಾಲಿ ಮಾಡಿ ಅನ್ನುವುದು ಅದರ ಸಾರ. ಬರೆದವರ ಉದ್ದೇಶ ಒಳ್ಳೆಯದೇ. ಸಿಡಿ ಶಾಶ್ವತವಲ್ಲ, ಬ್ಯಾಕಪ್ ಬೇಕು ಅನ್ನುವುದಕ್ಕೆ ನನ್ನ ಓಟೂ ಇದೆ. ಆದರೆ ಎಂಪಿ3 ಅನ್ನುವ ಆ ಒಂದು ಮಾತು ಓದಿ ಸುಮ್ನೆ ಇರಲು ಆಗಲಿಲ್ಲ, ಯಾಕೆಂದರೆ ಅದೇ ಸಲಹೆಯನ್ನು ನಾನು ಎಷ್ಟೋ ವರ್ಷದ ಹಿಂದೆ ಚಾಚೂ ತಪ್ಪದೆ ಪಾಲಿಸಿದ್ದೆ, ಅದರ ಫಲವನ್ನು ಇವತ್ತಿಗೂ ಉಣ್ಣುತ್ತಿದ್ದೇನೆ.

ನನ್ನ ಹತ್ತಿರ ಸುಮಾರು 300 ಸಿಡಿ ಇವೆ. ಅವನ್ನು ಮೊದಲ ಸಲ ಕಂಪ್ಯೂಟರಿಗೆ ಇಳಿಸಿದಾಗ ನನ್ನ ಹಾರ್ಡ್‌ಡಿಸ್ಕ್ ಇದ್ದದ್ದು 20 ಜಿಬಿ. ಜಾಗ ಸಾಲದು ಅಂತ ಎಲ್ಲವನ್ನೂ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿ ಹೇಗೋ ತುರುಕಿದೆ. ಆಗ ಅದು ದೊಡ್ಡ ಸಾಧನೆ ಅನ್ನಿಸಿತ್ತು. ಕೆಲವು ವರ್ಷ ಕಳೆದು ಒಂದು ಒಳ್ಳೆಯ ಹೆಡ್‌ಫೋನ್ ಕೈಗೆ ಬಂತು ನೋಡಿ, ತಾಳದ ಝಣ್ ಅನ್ನುವ ಸದ್ದು ನೀರಲ್ಲಿ ಅದ್ದಿ ತೆಗೆದ ಹಾಗೆ ಕೇಳಿಸತೊಡಗಿತು. ಸರಿ, ಮತ್ತೆ 300 ಸಿಡಿ, ಮತ್ತೆ ಟ್ರೇ ತೆಗೆ, ಹಾಕು, ಮುಚ್ಚು. ಈ ಸಲ 192 ಕೆಬಿಪಿಎಸ್. ಅರ್ಧ ದಾರಿಯಲ್ಲಿ ಬೇಜಾರಾಗಿ ಬಿಟ್ಟೆ. ಮೂರನೇ ಸಲ ಬುದ್ಧಿ ಬಂದು ಫ್ಲ್ಯಾಕ್ (ಹಾಡಿನಲ್ಲಿ ಏನನ್ನೂ ಕಳೆಯದೆ ಫೈಲನ್ನು ಚಿಕ್ಕದಾಗಿಸುವ ಫಾರ್ಮ್ಯಾಟ್) ಮಾಡಲು ಕೂತಾಗ ಒಂದಷ್ಟು ಸಿಡಿಗಳು ಓದಲು ಒಪ್ಪಲೇ ಇಲ್ಲ.

ಅದರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಬಲ್ಬಿಗೆ ಎದುರಾಗಿ ನೋಡಿದೆ. ಅಂಚಿನ ಹತ್ತಿರ ಸೂಜಿಯಿಂದ ಚುಚ್ಚಿದ ಹಾಗೆ ಏಳೆಂಟು ಕಡೆ ಬೆಳಕು ತೂರಿ ಬರುತ್ತಿತ್ತು. ಗೀರು ಒಂದೂ ಇರಲಿಲ್ಲ, ಕೆಳಗಿನ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಳಾಗಿದ್ದು ಮೇಲಿನಿಂದ. ನಾವೆಲ್ಲ ಸಿಡಿಯ ಹೊಳೆಯುವ ಮುಖವನ್ನು ಮಗುವಿನ ಹಾಗೆ ಕಾಪಾಡುತ್ತೇವೆ, ಆದರೆ ಆ ಕಡೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಾವಲಿದೆ. ಹಾಡು ಅಡಗಿರುವ ಅಲ್ಯೂಮಿನಿಯಂ ಪದರ ಇರುವುದು ಹೆಸರು ಅಚ್ಚಾಗಿರುವ ಮುಖದ ಕೆಳಗೆ. ಅದರ ಮೇಲೆ ಇರುವುದು ತೆಳ್ಳಗಿನ ಮೆರುಗು ಮತ್ತು ಶಾಯಿ ಅಷ್ಟೇ. ಆ ಮೆರುಗು ಒಂದು ಕಡೆ ಬಿಟ್ಟುಕೊಂಡರೂ ಗಾಳಿ, ತೇವ ಒಳಗೆ ಹೋಗಿ ಅಲ್ಯೂಮಿನಿಯಂ ಸವೆಯುತ್ತದೆ. ಇನ್ನೊಂದು ವಿಷಯ, ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಅಂಚಿನಿಂದ ಕೊಳೆತ ಶುರುವಾದರೆ ಮೊದಲು ಹೋಗುವುದು ಕೊನೆಯ ಹಾಡು. ತುಂಬಿದ ಸಿಡಿಯಾದರಂತೂ ಖಂಡಿತ. ನನ್ನ ಸಿಡಿಯಲ್ಲಿ ಹೋಗಿದ್ದೂ ಅದೇ, ಹನ್ನೆರಡನೇ ಹಾಡು. ಅದರ ಪ್ರತಿ ನನ್ನ ಹತ್ತಿರ ಉಳಿದಿರುವುದು ಆ ಮೊದಲ ಸಲದ 128 ಕೆಬಿಪಿಎಸ್ ಎಂಪಿ3 ಒಂದೇ.

ಈಗ ವಿಷಯಕ್ಕೆ ಬರುತ್ತೇನೆ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ ಹಾಡಿನ ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಬರೆದಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್. ಎಡಕ್ಕೊಂದು, ಬಲಕ್ಕೊಂದು. ಎಲ್ಲ ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಹತ್ತು ಎಂಬಿಗಿಂತ ಸ್ವಲ್ಪ ಜಾಸ್ತಿ. 128ರ ಎಂಪಿ3ಯಲ್ಲಿ ಇದೇ ಒಂದು ನಿಮಿಷ ಒಂದು ಎಂಬಿಗೆ ಇಳಿಯುತ್ತದೆ. ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಎಲ್ಲಿಗೆ ಹೋಯಿತು? ಕಿವಿಗೆ ಗೊತ್ತಾಗುವುದಿಲ್ಲ ಅಂತ ಲೆಕ್ಕ ಹಾಕಿ ತುಂಬಾ ವಿವರಗಳನ್ನು ಕೈಬಿಟ್ಟಿರುತ್ತಾರೆ. ಒಂದು ಜೋರು ಸದ್ದಿನ ಪಕ್ಕದ ಮೆಲು ಸದ್ದು, ತೀರಾ ಕೀರಲಾದ ಎತ್ತರದ ಸ್ವರಗಳು, ಇಂಥವು. ತುಂಬಾ ಜಾಣತನದ ಕೆಲಸ ಅದು, ನಾನು ಅದನ್ನು ಹೀಗಳೆಯುತ್ತಿಲ್ಲ. ಆದರೆ ಬಿಟ್ಟದ್ದು ಬಿಟ್ಟದ್ದೇ. ಮತ್ತೆ ತರಲು ಆಗುವುದಿಲ್ಲ.

ಫ್ಲ್ಯಾಕ್ ಥರದ ಫಾರ್ಮ್ಯಾಟ್ ಮಾಡುವುದು ಬೇರೆಯೇ ಕೆಲಸ. ಪೆಟ್ಟಿಗೆಯಲ್ಲಿ ಬಟ್ಟೆ ಹಿಡಿಸುತ್ತಿಲ್ಲ ಅಂತ ಎಂಪಿ3 ತೋಳು ಕತ್ತರಿಸುತ್ತದೆ, ಫ್ಲ್ಯಾಕ್ ಚೆನ್ನಾಗಿ ಮಡಿಸಿ ಇಡುತ್ತದೆ. ಬಿಚ್ಚಿದಾಗ ಒಂದು ಎಳೆಯೂ ವ್ಯತ್ಯಾಸ ಇಲ್ಲದೆ ಸಿಡಿಯಲ್ಲಿ ಇದ್ದದ್ದೇ ವಾಪಸ್ ಬರುತ್ತದೆ. ಜಾಗ ಸಾಮಾನ್ಯವಾಗಿ ಅರ್ಧಕ್ಕೆ ಅಥವಾ ಅರ್ಧಕ್ಕಿಂತ ತುಸು ಹೆಚ್ಚಿಗೆ ನಿಲ್ಲುತ್ತದೆ. ಒಂಟಿ ವಾದ್ಯದ ಹಳೆಯ ರೆಕಾರ್ಡಿಂಗ್ ಆದರೆ ಇನ್ನೂ ಕಡಿಮೆ, ಶುರುವಿನಿಂದ ಕೊನೆಯವರೆಗೂ ಅಬ್ಬರವೇ ತುಂಬಿದ ಆಲ್ಬಮ್ ಆದರೆ ಜಾಸ್ತಿ. ಒಂದು ಗಂಟೆಯ ಸಿಡಿ ಹಾಗೇ ಇಟ್ಟರೆ 635 ಎಂಬಿ, ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ 350, 320 ಕೆಬಿಪಿಎಸ್ ಎಂಪಿ3 ಆದರೆ 144. ನನ್ನ 300 ಸಿಡಿಗೂ ಸೇರಿ ಫ್ಲ್ಯಾಕ್‌ನಲ್ಲಿ ನೂರು ಜಿಬಿ ಚಿಲ್ಲರೆ. ಇವತ್ತಿನ ಡಿಸ್ಕ್‌ಗಳಲ್ಲಿ ಅದು ಒಂದು ಮೂಲೆಗೂ ಸಾಲದು. 20 ಜಿಬಿ ಕಾಲದ ಜಿಪುಣತನವನ್ನು ನಾವು ಇನ್ನೂ ಯಾಕೆ ಹೊತ್ತುಕೊಂಡು ತಿರುಗಬೇಕು?

"320ರ ಎಂಪಿ3ಗೂ ಸಿಡಿಗೂ ವ್ಯತ್ಯಾಸ ನಿನಗೆ ಗೊತ್ತಾಗುತ್ತಾ?" ಅಂತ ನನ್ನ ಸ್ನೇಹಿತರು ಕೆಣಕುತ್ತಾರೆ. ಗೊತ್ತಾಗುವುದಿಲ್ಲ. ಯಾವುದು ಯಾವುದು ಅಂತ ಹೇಳದೆ ಕೇಳಿಸಿದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೆ ಅದು ಕೇಳುವ ಮಾತು, ಬ್ಯಾಕಪ್ಪಿನ ಮಾತಲ್ಲ. ಬ್ಯಾಕಪ್ ಅಂದರೆ ಮುಂದೆ ಅದರಿಂದ ಇನ್ನೊಂದನ್ನು ಮಾಡಿಕೊಳ್ಳುವ ಮೂಲಪ್ರತಿ ಅಲ್ವಾ? ನಾಳೆ ಫೋನಿಗೆ ಚಿಕ್ಕ ಫೈಲ್ ಬೇಕು ಅಂತ 320ರ ಎಂಪಿ3ಯನ್ನು ಓಪಸ್ ಅನ್ನುವ, ಅದೂ ಕತ್ತರಿಸುವ ಜಾತಿಯದೇ ಆದ ಫಾರ್ಮ್ಯಾಟಿಗೆ ಬದಲಾಯಿಸಿದರೆ, ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಕತ್ತರಿಸಿದ ಹಾಗೆ. ಬ್ಲೂಟೂತ್‌ನಲ್ಲಿ ಕೇಳಿದರೆ ಅಲ್ಲಿ ಸಾಮಾನ್ಯವಾಗಿ ಇನ್ನೊಂದು ಸಲ ಕತ್ತರಿ ಬೀಳುತ್ತದೆ. ಫ್ಲ್ಯಾಕ್ ಮನೆಯಲ್ಲಿದ್ದರೆ ಅದರಿಂದ ಇವತ್ತು ಎಂಪಿ3, ನಾಳೆ ಓಪಸ್, ನಾಡಿದ್ದು ಇನ್ನೂ ಹುಟ್ಟದ ಫಾರ್ಮ್ಯಾಟ್, ಯಾವುದನ್ನು ಬೇಕಾದರೂ ಒಂದೇ ಏಟಿಗೆ ಮಾಡಿಕೊಳ್ಳಬಹುದು. ರಾತ್ರಿ ಕಂಪ್ಯೂಟರಿಗೆ ಹೇಳಿ ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಸಿಡಿ ಹಾಕಿ ತೆಗೆಯುವ ಕೆಲಸ ಮಾತ್ರ ಯಾವ ಕಂಪ್ಯೂಟರೂ ನಮಗಾಗಿ ಮಾಡುವುದಿಲ್ಲ. ಒಂದು ಸಿಡಿಗೆ ಸರಾಗವಾಗಿ ಹೋದರೂ ಐದರಿಂದ ಹತ್ತು ನಿಮಿಷ. ಸಂಜೆಗೆ ಐದು ಸಿಡಿ ಅಂದರೂ 300ಕ್ಕೆ 60 ಸಂಜೆ. ನಾನು ಆ 60 ಸಂಜೆಗಳನ್ನು ಎರಡೂವರೆ ಸಲ ಕಳೆದವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ಭ್ರಮೆ ಇದೆ. ಈಗಾಗಲೇ ಎಂಪಿ3 ಮಾಡಿದ್ದೇವಲ್ಲ, ಅದನ್ನೇ ಫ್ಲ್ಯಾಕ್‌ಗೆ ಬದಲಾಯಿಸಿಬಿಟ್ಟರೆ ಆಯಿತಲ್ಲ ಅನ್ನುತ್ತಾರೆ. ಆಗುತ್ತದೆ, ಫೈಲ್ ದಪ್ಪ ಆಗುತ್ತದೆ. ಸದ್ದು ಅದೇ. ಕತ್ತರಿಸಿದ ತೋಳಿನ ಅಂಗಿಯನ್ನು ಎಷ್ಟು ನಾಜೂಕಾಗಿ ಮಡಿಸಿದರೂ ತೋಳು ಬೆಳೆಯುತ್ತದೆಯೇ? ಸಿಡಿಯನ್ನು 24 ಬಿಟ್, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಮಾಡಿ ಇಡುವವರದೂ ಇದೇ ಕಥೆ. ಸಿಡಿಯಲ್ಲಿ ಇಲ್ಲದ್ದು ಫೈಲಿಗೆ ಎಲ್ಲಿಂದ ಬರಬೇಕು.

ಹಾಗಾದರೆ ಏನೂ ಕಳೆದುಕೊಳ್ಳದ ಫಾರ್ಮ್ಯಾಟ್‌ಗಳಲ್ಲಿ ಯಾವುದು? ಇಲ್ಲಿ ಜನ ತುಂಬಾ ಜಗಳ ಆಡುತ್ತಾರೆ, ನನಗೆ ಆ ಜಗಳದಲ್ಲಿ ಅಷ್ಟು ಆಸಕ್ತಿ ಇಲ್ಲ. ಇವೆಲ್ಲ ಒಂದರಿಂದ ಇನ್ನೊಂದಕ್ಕೆ ಏನೂ ನಷ್ಟ ಇಲ್ಲದೆ ಬದಲಾಗುತ್ತವೆ. ಇವತ್ತು ತಪ್ಪು ಆಯ್ಕೆ ಮಾಡಿದರೂ ನಾಳೆ ಸರಿಮಾಡಬಹುದು. ಆದರೂ ಒಂದನ್ನು ಹೇಳಿ ಅಂದರೆ ಫ್ಲ್ಯಾಕ್. 2001ರಲ್ಲಿ ಅದರ 1.0 ಆವೃತ್ತಿ ಬಂತು. ಅವತ್ತಿನಿಂದ ಮುಕ್ತವಾಗಿಯೇ ಇದೆ, ಯಾರಿಗೂ ರಾಯಧನ ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಇಂಟರ್ನೆಟ್ಟಿನ ಅಧಿಕೃತ ಮಾನದಂಡಗಳ ಸಾಲಿನಲ್ಲಿ ಆರ್‌ಎಫ್‌ಸಿ 9639 ಅನ್ನುವ ದಾಖಲೆಯಾಗಿ ಹೊರಬಂತು. ಅಂದರೆ ಇವತ್ತಿನ ಪ್ರೋಗ್ರಾಂಗಳೆಲ್ಲ ಮಾಯವಾದರೂ ಆ ದಾಖಲೆ ಓದಿಕೊಂಡು ಯಾರಾದರೂ ಹೊಸದಾಗಿ ಬರೆಯಬಹುದು. ಆಂಡ್ರಾಯ್ಡ್ ಅದನ್ನು ತಾನಾಗಿಯೇ ಓದುತ್ತದೆ, ವಿಂಡೋಸ್ 10ರಿಂದ ವಿಂಡೋಸ್ ಕೂಡ ಓದುತ್ತದೆ.

ಫ್ಲ್ಯಾಕ್ ಮಾಡುವಾಗ 0ಯಿಂದ 8ರವರೆಗೆ ಒಂದು ಸಂಖ್ಯೆ ಕೇಳುತ್ತದೆ. ಇದನ್ನು ನೋಡಿ ತುಂಬಾ ಜನ ಗಾಬರಿ ಬೀಳುತ್ತಾರೆ, 8 ಅಂದರೆ ಜಾಸ್ತಿ ಹಿಂಡುವುದು, ಹಾಗಾದರೆ ಗುಣಮಟ್ಟ ಕಡಿಮೆ ಆಗಬಹುದೇ ಅಂತ. ಇಲ್ಲ. ಎಲ್ಲದರಲ್ಲೂ ಹಾಡು ಅದೇ. ಮಡಿಸಲು ಕಂಪ್ಯೂಟರ್ ಎಷ್ಟು ಹೊತ್ತು ತಲೆ ಕೆಡಿಸಿಕೊಳ್ಳಬೇಕು, ಫೈಲ್ ಎಷ್ಟು ಚಿಕ್ಕದಾಗಬೇಕು ಅನ್ನುವುದಷ್ಟೇ ಬದಲಾಗುವುದು. 5 ಅಂತ ಇದ್ದರೆ ಹಾಗೇ ಬಿಡಿ.

ಆಪಲ್ ಸಾಧನಗಳನ್ನೇ ಬಳಸುವವರಿಗೆ ಮಾತ್ರ ಆಲ್ಯಾಕ್ ಅನುಕೂಲ, ಅದು ಏನೂ ಕಳೆದುಕೊಳ್ಳದ ಆಪಲ್‌ನದೇ ಫಾರ್ಮ್ಯಾಟ್. ಹಾಡು ಜೋಡಿಸಿಡುವ ಆಪಲ್‌ನ ಪ್ರೋಗ್ರಾಂ ಐಟ್ಯೂನ್ಸ್‌ನ ಲೈಬ್ರರಿ ಫ್ಲ್ಯಾಕ್ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆಲ್ಯಾಕ್ ಅನ್ನು ಬಿಟ್ಟುಕೊಳ್ಳುತ್ತದೆ. ಅದು 2004ರಲ್ಲಿ ಬಂದದ್ದು, 2011ರಲ್ಲಿ ಆಪಲ್ ಅದರ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹಾಗಾಗಿ ಅದರ ಬಗ್ಗೆಯೂ ಭಯ ಬೇಡ. ಒಂದು ಕಿರಿಕಿರಿ ಇದೆ. ಫೈಲಿನ ಹೆಸರಿನ ಕೊನೆಗೆ ಎಂ4ಎ ಅಂತ ಬರುತ್ತದೆ, ಎಂಪಿ3 ಥರ ಕತ್ತರಿಸಿದ ಎಎಸಿ ಫೈಲಿಗೂ ಅದೇ ಬಾಲ. ಬರೀ ಹೆಸರು ನೋಡಿ ಯಾವುದು ಮಡಿಸಿದ್ದು, ಯಾವುದು ಕತ್ತರಿಸಿದ್ದು ಅಂತ ಹೇಳಲು ಬರುವುದಿಲ್ಲ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಬೆರೆಸಿದರೆ ಮುಗಿಯಿತು.

ವೇವ್ ಫೈಲ್ ಬಗ್ಗೆ ಕೆಲವರಿಗೆ ತುಂಬಾ ಭಕ್ತಿ. ಮಡಿಸುವುದೂ ಬೇಡ, ಹಾಗೇ ಹರಡಿ ಇಡುತ್ತೇವೆ ಅನ್ನುತ್ತಾರೆ. ಸದ್ದು ಎರಡರಲ್ಲೂ ಒಂದೇ, ಜಾಗ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಜಾಗ ಹೋದರೆ ಹೋಗಲಿ, ನನ್ನ ತಕರಾರು ಬೇರೆ ಎರಡಿವೆ. ವೇವ್ ಫೈಲಿನಲ್ಲಿ ಹಾಡಿನ ಹೆಸರು, ಹಾಡಿದವರು, ವರ್ಷ ಇವನ್ನೆಲ್ಲ ಬರೆಯಲು ಎಲ್ಲ ಪ್ಲೇಯರ್‌ಗಳೂ ಒಪ್ಪುವ ಒಂದು ದಾರಿ ಇಲ್ಲ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಇನ್ನೊಂದು, ಇದು ದೊಡ್ಡದು, ಫೈಲ್ ಎಲ್ಲಾದರೂ ಕೆಟ್ಟರೆ ವೇವ್ ನಿಮಗೆ ಹೇಳುವುದಿಲ್ಲ. ಫ್ಲ್ಯಾಕ್ ತನ್ನೊಳಗೆ ಇಡೀ ಹಾಡಿನ ಒಂದು ಬೆರಳಚ್ಚನ್ನು ಇಟ್ಟುಕೊಂಡಿರುತ್ತದೆ, ಎಂಡಿ5 ಅನ್ನುತ್ತಾರೆ. ಹತ್ತು ವರ್ಷ ಬಿಟ್ಟು ಪರೀಕ್ಷೆ ಮಾಡು ಅಂದರೆ ಹಾಡನ್ನು ಪೂರ್ತಿ ಬಿಚ್ಚಿ, ಬೆರಳಚ್ಚು ತಾಳೆ ನೋಡಿ, ಸರಿ ಇದೆ ಅಥವಾ ಕೆಟ್ಟಿದೆ ಅಂತ ನೇರವಾಗಿ ಹೇಳುತ್ತದೆ. ನಾನು ವರ್ಷಕ್ಕೊಮ್ಮೆ ಇದನ್ನು ಮಾಡುತ್ತೇನೆ. ಒಂದು ಸಲ ಹಳೆಯ ಡಿಸ್ಕ್‌ನಲ್ಲಿ ನಾಲ್ಕು ಫೈಲ್ ಕೆಟ್ಟಿರುವುದು ಹೀಗೇ ಗೊತ್ತಾಯಿತು. ಇನ್ನೊಂದು ಪ್ರತಿಯಿಂದ ತಂದು ಸರಿಮಾಡಿದೆ. ವೇವ್ ಆಗಿದ್ದರೆ ಆ ಕೆಟ್ಟ ಫೈಲನ್ನೇ ಒಳ್ಳೆಯ ಪ್ರತಿಯ ಮೇಲೆ ನಾನೇ ಕಾಪಿ ಮಾಡಿಬಿಡುತ್ತಿದ್ದೆನೋ ಏನೋ.

ಮಂಕೀಸ್ ಆಡಿಯೋ, ವೇವ್‌ಪ್ಯಾಕ್ ಅಂತ ಇನ್ನೂ ಇವೆ. ಕೆಟ್ಟವೇನಲ್ಲ. ಮೊದಲನೆಯದು ಫ್ಲ್ಯಾಕ್‌ಗಿಂತ ಒಂದಿಷ್ಟು ಚಿಕ್ಕದಾಗಿ ಮಡಿಸುತ್ತದೆ, ಆದರೆ ಬಿಚ್ಚಲು ಜಾಸ್ತಿ ಏದುಸಿರು ಬಿಡುತ್ತದೆ, ಮೇಲಾಗಿ ಅದನ್ನು ನುಡಿಸುವ ಸಾಧನಗಳೂ ಕಡಿಮೆ. ಅಷ್ಟು ಉಳಿತಾಯಕ್ಕೆ ಯಾಕೆ ಪರದಾಟ.

ಯಾವುದೇ ಫಾರ್ಮ್ಯಾಟ್ ಇರಲಿ, ಬೀಗ ಹಾಕಿದ್ದು ಬೇಡ. ನಾನು ಮೊದಲು ಬಳಸುತ್ತಿದ್ದ ಒಂದು ಪ್ರೋಗ್ರಾಂನಲ್ಲಿ 'ಕಾಪಿ ರಕ್ಷಣೆ' ಅನ್ನುವ ಚೌಕಕ್ಕೆ ಟಿಕ್ ಬಿದ್ದಿತ್ತು, ನಾನು ನೋಡಿರಲಿಲ್ಲ. ಹತ್ತಿಪ್ಪತ್ತು ಸಿಡಿ ಹಾಗೇ ಇಳಿದವು. ಕಂಪ್ಯೂಟರ್ ಕೆಟ್ಟು ಎಲ್ಲ ಹೊಸದಾಗಿ ಹಾಕಿದ ಮೇಲೆ ಅದೇ ಹಾಡು, ಅದೇ ಡಿಸ್ಕ್, ಅದೇ ನಾನು, ಆದರೆ 'ಲೈಸೆನ್ಸ್ ಇಲ್ಲ' ಅಂತ ಹಾಡಲು ನಿರಾಕರಿಸಿತು. ನನ್ನದೇ ಸಿಡಿಯಿಂದ ನಾನೇ ಮಾಡಿದ ಫೈಲಿಗೆ ನನ್ನ ಹತ್ತಿರವೇ ಅಪ್ಪಣೆ ಚೀಟಿ ಕೇಳಿದ್ದು ಅದು.

ಇನ್ನು ಎಲ್ಲಕ್ಕಿಂತ ಸಂಕಟದ್ದು ನನ್ನ ಪರಿಚಯದವರೊಬ್ಬರದು. ಅವರು ಸಿಡಿ ಹಾಕಿ, ವಿಂಡೋಸ್‌ನಲ್ಲಿ ತೆರೆದು, ಟ್ರ್ಯಾಕ್01.ಸಿಡಿಎ, ಟ್ರ್ಯಾಕ್02.ಸಿಡಿಎ ಅಂತ ಕಂಡ ಫೈಲುಗಳನ್ನೆಲ್ಲ ಆರಿಸಿ, ಕಾಪಿ ಮಾಡಿ, ಹೊರಗಿನ ಡಿಸ್ಕ್‌ಗೆ ಅಂಟಿಸಿದರು. ಕ್ಷಣದಲ್ಲಿ ಮುಗಿಯಿತು. ಎಷ್ಟು ಬೇಗ ಆಯಿತು ನೋಡಿ ಅಂತ ನನಗೆ ಖುಷಿಯಿಂದ ತೋರಿಸಿದರು. ನಾನು ಒಂದು ಫೈಲಿನ ಗಾತ್ರ ನೋಡಿದೆ, 44 ಬೈಟ್. ಪಕ್ಕದ್ದೂ 44. ಎಲ್ಲವೂ 44. ಹಾಡು ಸಿಡಿಯ ಯಾವ ಜಾಗದಿಂದ ಶುರುವಾಗುತ್ತದೆ ಅಂತ ವಿಂಡೋಸ್ ತೋರಿಸುವ ಕೈಮರ ಅದು, ಹಾಡಲ್ಲ. ಊರಿಗೆ ಹೋಗುವ ಬದಲು ಊರಿನ ಬೋರ್ಡು ಕಿತ್ತು ತಂದ ಹಾಗೆ. ಪುಣ್ಯಕ್ಕೆ ಅವರು ಸಿಡಿಗಳನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ನಿಮ್ಮ ಬರಹ ಓದಿ ಹೀಗೆ ಮಾಡಿದವರು ಇದ್ದರೆ ದಯವಿಟ್ಟು ಒಂದು ಸಲ ಫೈಲಿನ ಗಾತ್ರ ನೋಡಿಕೊಳ್ಳಿ. ಹಾಗೆಯೇ ಐಎಸ್‌ಒ ಇಮೇಜ್, ಅಂದರೆ ಇಡೀ ಸಿಡಿಯ ಪ್ರತಿಯನ್ನು ಒಂದೇ ಫೈಲಾಗಿ, ಮಾಡಿಬಿಡೋಣ ಅನ್ನುವವರಿಗೂ ಒಂದು ಮಾತು, ಐಎಸ್‌ಒ ಇರುವುದು ಡೇಟಾ ಸಿಡಿಗೆ, ಹಾಡಿನ ಸಿಡಿ ಅದರಲ್ಲಿ ಕೂರುವುದಿಲ್ಲ.

ಫಾರ್ಮ್ಯಾಟ್ ಸರಿಯಾಗಿ ಆರಿಸಿದರೂ ಸಿಡಿಯಿಂದ ತೆಗೆಯುವಾಗಲೇ ತಪ್ಪಾದರೆ ಆ ತಪ್ಪನ್ನೇ ಫ್ಲ್ಯಾಕ್ ನಿಷ್ಠೆಯಿಂದ ಕಾಪಾಡುತ್ತದೆ. ಡೇಟಾ ಸಿಡಿಯಲ್ಲಿ ಓದುವಾಗ ಆಗುವ ತಪ್ಪು ತಿದ್ದಲು ಹೆಚ್ಚುವರಿ ಒಂದು ವ್ಯವಸ್ಥೆ ಇದೆ, ಹಾಡಿನ ಸಿಡಿಯಲ್ಲಿ ಅದು ಇಲ್ಲ. ಆ ಜಾಗವನ್ನೂ ಹಾಡಿಗೇ ಕೊಟ್ಟಿದ್ದಾರೆ, ಅದಕ್ಕೇ ಅದೇ ತಟ್ಟೆಯಲ್ಲಿ ಡೇಟಾಗಿಂತ ಹಾಡು ಹೆಚ್ಚು ಹಿಡಿಸುತ್ತದೆ. ಗೀರು ಬಿದ್ದ ಕಡೆ ಪ್ಲೇಯರ್ ಅಕ್ಕಪಕ್ಕದ ಅಳತೆ ನೋಡಿ ನಡುವಿನದನ್ನು ಅಂದಾಜಿನಿಂದ ತುಂಬುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕೇಳುವಾಗ ಅದು ಉಪಕಾರ, ಬ್ಯಾಕಪ್ ಮಾಡುವಾಗ ಮೋಸ. ಹಾಗಾಗಿ ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುವ ಪ್ರೋಗ್ರಾಂ ಬೇಕು. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪ್ಪರ್. ಮೂರೂ ಅಕ್ಯುರೇಟ್‌ರಿಪ್ ಅನ್ನುವ ಪಟ್ಟಿಯನ್ನು ಕೇಳುತ್ತವೆ. ಅದೇ ಸಿಡಿಯನ್ನು ಜಗತ್ತಿನಲ್ಲಿ ಬೇರೆ ಯಾರಾದರೂ ಇಳಿಸಿದ್ದರೆ ಅವರ ಲೆಕ್ಕವೂ ನಿಮ್ಮ ಲೆಕ್ಕವೂ ಒಂದೇ ಬಂತೇ ಅಂತ ಅಲ್ಲಿ ಗೊತ್ತಾಗುತ್ತದೆ. ಯಾರೋ ಅಪರಿಚಿತರು, ಬೇರೆ ಡ್ರೈವ್, ಬೇರೆ ಕಂಪ್ಯೂಟರ್, ಆದರೂ ಒಂದು ಬಿಟ್ ವ್ಯತ್ಯಾಸ ಇಲ್ಲ ಅಂತ ಪರದೆಯ ಮೇಲೆ ಬಂದಾಗ ನನಗೆ ಇವತ್ತಿಗೂ ಒಂಥರಾ ಖುಷಿ.

ಮೊದಲ ಸಲ ಇದನ್ನು ಹೊಂದಿಸಲು ಒಂದು ಸಂಜೆ ಹಾಳಾಗುತ್ತದೆ. ಆಗಲಿ ಬಿಡಿ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಡ್ರೈವ್ ಸಲೀಸಾಗಿ ಓದುವುದೂ ಉಂಟು, ಹಾಗಾಗಿ ಹಳೆಯ ಲ್ಯಾಪ್‌ಟಾಪಿನ ಡ್ರೈವನ್ನು ಬಿಸಾಡಬೇಡಿ. 'ನಾರ್ಮಲೈಸ್' ಅನ್ನುವ ಆಯ್ಕೆ ಕಂಡರೆ ಮುಲಾಜಿಲ್ಲದೆ ಆರಿಸಿ. ಆರಿಸಿ ಅಂದರೆ ದೀಪ ಆರಿಸುವ ಹಾಗೆ, ಟಿಕ್ ಹಾಕುವುದಲ್ಲ! ಅದು ಎಲ್ಲ ಹಾಡಿನ ಸದ್ದನ್ನೂ ಒಂದೇ ಮಟ್ಟಕ್ಕೆ ತರಲು ಸಿಡಿಯ ಅಂಕಿಗಳನ್ನೇ ತಿದ್ದುತ್ತದೆ. ಆ ಅನುಕೂಲ ಬೇಕಿದ್ದರೆ ರಿಪ್ಲೇಗೇನ್ ಇದೆ, ಫೈಲಿನ ಜೊತೆ ಒಂದು ಚೀಟಿ ಅಂಟಿಸಿ ಇಡುತ್ತದೆ, ಹಾಡನ್ನು ಮುಟ್ಟುವುದಿಲ್ಲ.

ನಿಲ್ಲದೆ ಹರಿಯುವ ಆಲ್ಬಮ್ ಇರುವವರಿಗೆ ಇನ್ನೊಂದು ಕಾರಣ. ಲೈವ್ ಕಛೇರಿಯ ಸಿಡಿಯಲ್ಲಿ ಒಂದು ಹಾಡಿನ ಚಪ್ಪಾಳೆ ಮುಗಿಯುವ ಮೊದಲೇ ಮುಂದಿನ ಟ್ರ್ಯಾಕ್ ಶುರುವಾಗಿರುತ್ತದೆ. ಎಂಪಿ3 ಹಾಡನ್ನು 1,152 ಅಳತೆಗಳ ತುಂಡುಗಳಾಗಿ ಕಟ್ಟುತ್ತದೆ, ಹಿಂದೆ ಮುಂದೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅದನ್ನು ಅಳಿಸಿ ನುಡಿಸುವ ಜಾಣ ಪ್ಲೇಯರ್‌ಗಳೂ ಇವೆ, ಅಳಿಸದವೂ ಇವೆ. ಅಳಿಸದಿದ್ದರೆ ಚಪ್ಪಾಳೆಯ ನಡುವೆ ಯಾರೋ ಕಣ್ಣು ಮಿಟುಕಿಸಿದ ಹಾಗೆ ಒಂದು ಬಿಕ್ಕಳಿಕೆ. ಫ್ಲ್ಯಾಕ್‌ನಲ್ಲಿ ಎಷ್ಟು ಅಳತೆ ಹೋಯಿತೋ ಅಷ್ಟೇ ಬರುತ್ತದೆ, ಈ ತಲೆನೋವೇ ಇಲ್ಲ.

ಹೆಸರು ಬರೆಯುವ ಕೆಲಸವನ್ನು ಜನ ಆಮೇಲೆ ಮಾಡೋಣ ಅಂತ ಮುಂದೂಡುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಹೆಚ್ಚಿನ ಸಿಡಿಗಳಲ್ಲಿ ಹಾಡಿನ ಹೆಸರೇ ಇರುವುದಿಲ್ಲ. ಪ್ರೋಗ್ರಾಂ ಟ್ರ್ಯಾಕ್‌ಗಳ ಉದ್ದ ನೋಡಿ ಮ್ಯೂಸಿಕ್‌ಬ್ರೈನ್ಸ್ ಥರದ ಪಟ್ಟಿಯಿಂದ ಹುಡುಕಿ ತರುತ್ತದೆ. ಸಿಕ್ಕರೂ ಕನ್ನಡದ ಹಾಡುಗಳಾದರೆ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ನಾನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಫ್ಲ್ಯಾಕ್‌ನ ಟ್ಯಾಗ್‌ಗಳು (ಫೈಲಿನೊಳಗೆ ಹೆಸರು ಬರೆಯುವ ಜಾಗಗಳು) ಮೊದಲಿನಿಂದಲೂ ಎಲ್ಲ ಲಿಪಿಗೂ ಹೊಂದುವ ಯೂನಿಕೋಡ್, ಒತ್ತಕ್ಷರ, ದೀರ್ಘ ಎಲ್ಲ ಹಾಗೇ ಉಳಿಯುತ್ತವೆ. ಎಂಪಿ3ಯ ಹಳೆಯ ಐಡಿ3 ಟ್ಯಾಗ್‌ನಲ್ಲಿ ಒಂದು ಹೆಸರಿಗೆ ಕೊಟ್ಟ ಜಾಗ 30 ಬೈಟ್, ಅದೂ ಯೂನಿಕೋಡ್ ಅನ್ನುವುದನ್ನೇ ಅರಿಯದ್ದು. ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಲೆಕ್ಕ ಹಾಕಿ, ಹಾಡಿನ ಮೊದಲ ಪದ ಮುಗಿಯುವುದರಲ್ಲಿ ಜಾಗ ಖಾಲಿ. ಆಮೇಲೆ ಬಂದ ಐಡಿ3ಯಲ್ಲಿ ಇದು ಸರಿಹೋಗಿದೆ, ಆದರೂ ನನ್ನ ಹಳೆಯ ಫೈಲುಗಳಲ್ಲಿ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಇದೆ.

ಸಿಡಿಯ ಜೊತೆ ಬರುವ ಪುಟ್ಟ ಪುಸ್ತಕವನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿ. ಹಿಂದೆ ವಯಲಿನ್ ನುಡಿಸಿದವರು ಯಾರು, ರೆಕಾರ್ಡ್ ಮಾಡಿದ್ದು ಯಾವ ವರ್ಷ, ಇವೆಲ್ಲ ಎಷ್ಟೋ ಸಲ ಅದೊಂದರಲ್ಲೇ ಇರುತ್ತವೆ.

ಕೊನೆಗೆ, ಒಂದು ಡಿಸ್ಕ್‌ನಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ, ಜಾಗ ಬದಲಾಯಿಸಿದ್ದು ಅಷ್ಟೇ. ಎರಡು ಬೇರೆ ಬೇರೆ ಡಿಸ್ಕ್, ಅದರಲ್ಲಿ ಒಂದಾದರೂ ಬೇರೆ ಮನೆಯಲ್ಲಿ. ಖಾಲಿ ಸಿಡಿಗೆ ಮತ್ತೆ ಬರೆದು ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನನ್ನ ಮಾತು ಬೇಡ, ಬಿಸಿಲಿನ ಕಿಟಕಿ ಹತ್ತಿರ ಒಂದನ್ನು ಕೆಲವು ತಿಂಗಳು ಇಟ್ಟು ನೋಡಿ. ಅದರಲ್ಲಿ ಬರೆಯುವುದು ಬಣ್ಣದ ಪದರದ ಮೇಲೆ, ಬಿಸಿಲಿಗೆ ಅದು ಮಾಸುತ್ತದೆ. ಹಾಗೆಯೇ ಅಸಲಿ ಸಿಡಿಗಳನ್ನು ಕೊಟ್ಟುಬಿಡಿ ಅನ್ನುವ ನಿಮ್ಮ ಬರಹದ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಕಪಾಟಿನಲ್ಲಿ ಜಾಗ ಇಲ್ಲದಿದ್ದರೆ ಡಬ್ಬಿ ಬಿಸಾಡಿ ತೆಳ್ಳಗಿನ ಚೀಲದಲ್ಲಿ ಹಾಕಿಡಿ. ಆನ್‌ಲೈನ್‌ನಲ್ಲಿ ಎಲ್ಲ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಹಕ್ಕಿನ ಒಪ್ಪಂದ ಮುಗಿಯುವ ತನಕ. ಕೆಲವು ಸಲ ಅಲ್ಲಿ ಸಿಗುವುದು ಹೊಸದಾಗಿ ತಿದ್ದಿ ಅಬ್ಬರ ಹೆಚ್ಚಿಸಿದ ಆವೃತ್ತಿ, ನಿಮ್ಮ ಸಿಡಿಯಲ್ಲಿರುವ ಹಾಡು ಅದಲ್ಲ.

ನನ್ನ ಆ ತೂತು ಬಿದ್ದ ಸಿಡಿಯ ವಿಷಯ ಅರ್ಧಕ್ಕೇ ಬಿಟ್ಟೆ. ಮೂರು ಡ್ರೈವ್‌ಗಳಲ್ಲಿ ಹಾಕಿ ನೋಡಿದೆ. ಒಂದು ಡ್ರೈವ್ ನಲವತ್ತು ನಿಮಿಷ ಗರಗರ ಅಂದು ಹನ್ನೊಂದನೇ ಹಾಡನ್ನು ಪೂರ್ತಿ ಕೊಟ್ಟಿತು, ತಾಳೆಯೂ ಬಂತು. ಹನ್ನೆರಡನೆಯದು ಯಾವುದರಲ್ಲೂ ಆಗಲಿಲ್ಲ. ಅದೇ ಸಿಡಿಯ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತಾ ಅಂತ ಹುಡುಕುತ್ತಲೇ ಇದ್ದೇನೆ. ಅಲ್ಲಿಯವರೆಗೆ ಆ ಫೋಲ್ಡರಿನಲ್ಲಿ ಹನ್ನೊಂದು ಫ್ಲ್ಯಾಕ್, ಒಂದು ಎಂಪಿ3. ಅಂದ ಕಾಣಲಿ ಅಂತ ಅದನ್ನು ಫ್ಲ್ಯಾಕ್‌ಗೆ ಬದಲಾಯಿಸಲು ಹೋಗಿಲ್ಲ. ಫೈಲಿನ ಹೆಸರಿನ ಮುಂದೆ '128, ಮೂಲ ಹೋಗಿದೆ' ಅಂತ ಬರೆದು ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ